ಹನ್ನೆರಡು ವರ್ಷದ ಗದ್ದೆಯೂ ಗಾಳಿಯಲ್ಲಿನ ನಾರೂ

ಸಾಗರ ತಾಲ್ಲೂಕಿನ ಇಕ್ಕೇರಿಯಲ್ಲಿರುವ ಅಘೋರೇಶ್ವರ ದೇವಾಲಯದ ಕಲ್ಲಿನ ಮೆಟ್ಟಿಲಿನ ಉದ್ದವೇ ಒಂದು ಕಾಲಕ್ಕೆ ಕೆಳದಿ ಸೀಮೆಯ ತೋಟಗಳನ್ನು ಅಳೆಯುವ ಕೋಲಿನ ಉದ್ದವಾಗಿತ್ತು. ಇಂಗ್ಲಿಷರ ಲೆಕ್ಕದಲ್ಲಿ ಅದು 18 ಅಡಿ 6 ಅಂಗುಲ ಎಂದು ಬಿ. ಎಲ್. ರೈಸ್ ಅವರು ಮೈಸೂರಿನ ಗೆಜೆಟಿಯರಿನಲ್ಲಿ ಬರೆದಿಟ್ಟಿದ್ದಾರೆ. ಆ ಕೋಲಿನಿಂದ ಎರಡೂ ಬದಿ ಅಳೆದು ಬಂದ ಚೌಕಕ್ಕೆ ದಾಯ ಎಂದು ಹೆಸರು. ಅಂಥ ಸಾವಿರ ದಾಯಕ್ಕೆ ಇಷ್ಟು ವರಹ ಎಂದು ಅಡಿಕೆ ತೋಟದ ತೆರಿಗೆ ನಿಗದಿಯಾಗುತ್ತಿತ್ತು. ಕೋಲು ಮರದ್ದು. ಮಳೆಗೆ ಉಬ್ಬುತ್ತದೆ, ಬೇಸಗೆಗೆ ಒಣಗುತ್ತದೆ, ತುದಿ ಸವೆಯುತ್ತದೆ. ಅಳೆಯುವವನಿಗೆ ಮನಸ್ಸಿದ್ದರೆ ನಾಲ್ಕು ಬೆರಳು ಕುಗ್ಗಲೂ ಬಹುದು. ಕಲ್ಲು ಮಾತ್ರ ಎಲ್ಲರ ಕಣ್ಣೆದುರು ಇದ್ದಲ್ಲೇ ಇರುತ್ತದೆ. ಅನುಮಾನ ಬಂದ ತೋಟದವನು ಅಧಿಕಾರಿಯ ಮಾತನ್ನು ನಂಬಬೇಕಾಗಿಲ್ಲ, ಕೋಲನ್ನು ಕಲ್ಲಿನ ಪಕ್ಕ ಇಟ್ಟು ನೋಡಿದರಾಯಿತು. ದೇವರ ಸನ್ನಿಧಿಯ ಕಲ್ಲನ್ನೇ ಆರಿಸಿಕೊಂಡದ್ದರಲ್ಲಿ ಭಕ್ತಿಯೊಂದಿಗೆ ಒಂದು ಆಡಳಿತ ಜ್ಞಾನವೂ ಇದೆ. ಆ ಕಲ್ಲನ್ನು ರಾತ್ರೋರಾತ್ರಿ ಬದಲಿಸಲು ಯಾರಿಗೂ ಧೈರ್ಯ ಬರುವುದಿಲ್ಲ.

ಇಪ್ಪತ್ತನೆಯ ಶತಮಾನದ ಒಂದು ಕೆಲಸದ ಚರಿತ್ರೆಯನ್ನು ಈ ಮೆಟ್ಟಿಲಿನಿಂದ ಹೊರಟು ಓದಬಹುದು ಎಂಬುದು ಈ ಬರಹದ ವಾದ. ಆ ಕೆಲಸ ಗಾಳಿಯಲ್ಲಿ ತೇಲುವ ಕಲ್ನಾರನ್ನು, ಅಂದರೆ ಆಸ್ಬೆಸ್ಟಾಸನ್ನು, ಎಣಿಸುವುದು. ಅದಕ್ಕಿಂತ ಮುಖ್ಯವಾಗಿ, ಎಣಿಸುವವರನ್ನೇ ಪರೀಕ್ಷಿಸಲು ಕಲ್ನಾರಿನ ಮಾದರಿಗಳನ್ನು ತಯಾರಿಸುವುದು. ಕಲ್ನಾರಿನ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆ ಹೆಚ್ಚಾಗಿ ಎರಡು ತುದಿಗಳಲ್ಲೇ ನಿಲ್ಲುತ್ತದೆ. ಒಂದು ಕಡೆ ನಿಷೇಧದ ಬೇಡಿಕೆ, ಇನ್ನೊಂದು ಕಡೆ ‘ಮಿತಿಯೊಳಗಿದೆ, ಭಯ ಬೇಡ’ ಎಂಬ ಭರವಸೆ. ಮಿತಿಯೊಳಗಿದೆ ಎಂದು ಹೇಳಿದವರು ಯಾರು, ಅವರ ಎಣಿಕೆ ಸರಿಯೆಂದು ಇನ್ನೊಬ್ಬರಿಗೆ ಗೊತ್ತಾಗುವುದು ಹೇಗೆ ಎಂಬ ಪ್ರಶ್ನೆ ನಡುವೆ ಬಿದ್ದುಹೋಗುತ್ತದೆ. ಅಳತೆಯ ವಿಶ್ವಾಸ ಉಪಕರಣದಿಂದ ಹುಟ್ಟುವುದಿಲ್ಲ, ಅಧಿಕಾರದಿಂದಲೂ ಹುಟ್ಟುವುದಿಲ್ಲ. ಎಲ್ಲರೂ ಒಪ್ಪಿ, ಎಲ್ಲರೂ ತಮ್ಮನ್ನು ಒರೆಗೆ ಹಚ್ಚಿಕೊಳ್ಳಬಹುದಾದ ಒಂದು ಮಾದರಿಯನ್ನು ಶ್ರಮಪಟ್ಟು ತಯಾರಿಸಿ ಇಟ್ಟಾಗಲೇ ಅದು ಹುಟ್ಟುತ್ತದೆ. ಮಾದರಿ ತಾನಾಗಿ ಸಿಗುವ ವಸ್ತುವಲ್ಲ, ಅದನ್ನು ಮಾಡಬೇಕು. ಈ ಮಾತು ಸಾಗರ, ಹೊಸನಗರ, ತೀರ್ಥಹಳ್ಳಿಯ ಸೀಮೆಗೆ ಹೊಸದಲ್ಲ.

ಹೊಸನಗರ ತಾಲ್ಲೂಕಿನ ಹುಂಚವನ್ನು ತೆಗೆದುಕೊಳ್ಳೋಣ. ಸಾಂತರರ ರಾಜಧಾನಿ, ಸಾಂತಳಿಗೆ ಸಾವಿರದ ಕೇಂದ್ರ. 897ರಲ್ಲಿ ವಿಕ್ರಮ ಸಾಂತರ ಇಲ್ಲಿ ಬಸದಿ ಕಟ್ಟಿಸಿದ. 1077ರಲ್ಲಿ ಚಟ್ಟಲದೇವಿ ಪಂಚಕೂಟ ಬಸದಿಯನ್ನು ಎತ್ತಿಸಿದಳು. ಸಾಂತರರ ಮೂಲಪುರುಷ ಜಿನದತ್ತರಾಯನ ಐತಿಹ್ಯದಲ್ಲಿ ಪದ್ಮಾವತಿ ದೇವಿಯ ಮೂರ್ತಿಗೆ ಸೋಕಿದ ಕಬ್ಬಿಣ ಚಿನ್ನವಾಗುತ್ತದೆ. ಭಕ್ತಿಯ ಲೋಕದಲ್ಲಿ ಒಂದು ಸ್ಪರ್ಶ ಸಾಕು. ಆದರೆ ಅದೇ ಭಕ್ತರು ಬಸದಿಗೆ, ದೇಗುಲಕ್ಕೆ ಭೂಮಿ ಬಿಡುವಾಗ ನಂಬಿಕೆಯೊಂದನ್ನೇ ನೆಚ್ಚಿ ಕೂರಲಿಲ್ಲ. ಈ ಭಾಗದ ದತ್ತಿ ಶಾಸನಗಳು ಎಲ್ಲೆಗಳನ್ನು ಹೇಳುತ್ತವೆ, ಗದ್ದೆಗೆ ಹಿಡಿಯುವ ಬೀಜದ ಪ್ರಮಾಣ ಹೇಳುತ್ತವೆ, ಹಲವೆಡೆ ಯಾವ ಗಳೆಯಿಂದ, ಅಂದರೆ ಅಳತೆಗೋಲಿನಿಂದ, ಅಳೆದದ್ದು ಎಂಬುದನ್ನೂ ಹೆಸರಿಸುತ್ತವೆ. ಊರಿಗೊಂದು, ಸೀಮೆಗೊಂದು ಗಳೆ ಇದ್ದ ಕಾಲದಲ್ಲಿ ಗಳೆಯ ಹೆಸರಿಲ್ಲದ ಅಳತೆಗೆ ಅರ್ಥವಿರಲಿಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 1047ರಲ್ಲಿ ಚಾಮುಂಡರಾಯರಸ ನಿಲ್ಲಿಸಿದ ಗಂಡಭೇರುಂಡ ಕಂಬ ಇಂದಿಗೂ ನಿಂತಿದೆ; ಭೇರುಂಡ ಗಳೆ ಎಂಬ ಭೂಮಾಪನದ ಕೋಲು ಆ ಕಂಬದ ಹೆಸರನ್ನೇ ಹೊತ್ತುಕೊಂಡಿತು. ಇಕ್ಕೇರಿಯ ಮೆಟ್ಟಿಲಿಗೆ ಆರು ಶತಮಾನ ಹಿಂದೆಯೇ ಕೋಲಿಗೊಂದು ಗುರುತಿನ ಕಲ್ಲು ಇರಬೇಕೆಂಬ ವಿವೇಕ ಇಲ್ಲಿ ಬೇರೂರಿತ್ತು ಎನ್ನಲು ಇಷ್ಟು ಸಾಕು.

ಕೆಳದಿಯ ಅರಸ ಶಿವಪ್ಪ ನಾಯಕ ಈ ವಿವೇಕವನ್ನು ಒಂದು ದೊಡ್ಡ ಹೆಜ್ಜೆ ಮುಂದೆ ಒಯ್ದ. ಉದ್ದಕ್ಕೆ ಕಲ್ಲು ಸಾಕು. ಫಲವತ್ತತೆಗೆ ಯಾವ ಕಲ್ಲಿದೆ? 1645ರಿಂದ 1660ರವರೆಗೆ ಬಿದನೂರಿನಿಂದ, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರದಿಂದ, ಆಳಿದ ಈ ನಾಯಕ ಭೂಮಿಯನ್ನು ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ ಎಂದು ಐದು ವರ್ಗ ಮಾಡಿದ. ಅಷ್ಟನ್ನು ಬೇರೆ ಅರಸರೂ ಮಾಡಿದ್ದಾರೆ. ಅವನ ‘ಶಿಸ್ತು’ ಎಂಬ ಕಂದಾಯ ಪದ್ಧತಿ ವಿಶೇಷವಾಗುವುದು ಮುಂದಿನ ಕೆಲಸದಿಂದ. ಪ್ರತಿ ವರ್ಗದ ಹೊಲವನ್ನು ಹನ್ನೆರಡು ವರ್ಷ ತನ್ನ ಖರ್ಚಿನಲ್ಲೇ ಬೇಸಾಯ ಮಾಡಿಸಿ, ಬಿತ್ತಿದ ಬೀಜ, ತಗಲಿದ ವೆಚ್ಚ, ಬಂದ ಫಸಲು, ಫಸಲಿನ ಬೆಲೆ ಎಲ್ಲವನ್ನೂ ಬರೆಸಿಟ್ಟು, ಆಮೇಲೆ ಸರಾಸರಿ ತೆಗೆದು ತೆರಿಗೆ ಗೊತ್ತುಮಾಡಿದ. ಸರ್ಕಾರದ ಪಾಲು ಉತ್ಪನ್ನದ ಮೂರನೆಯ ಒಂದು ಭಾಗ. ಆಳಿದ್ದು ಹದಿನೈದು ವರ್ಷ, ಅದರಲ್ಲಿ ಹನ್ನೆರಡು ವರ್ಷ ಈ ಗದ್ದೆಗಳ ಲೆಕ್ಕಕ್ಕೆ ಕಾದ. ಒಂದು ಒಳ್ಳೆಯ ಮಳೆಗಾಲ ನೋಡಿ ತೆರಿಗೆ ಏರಿಸುವ ಆತುರ ಅವನಿಗಿರಲಿಲ್ಲ. ಹುಲಿಕಲ್ಲಿನಂಥ ವಿಪರೀತ ಮಳೆಯ ಘಟ್ಟದ ತುದಿಯಿಂದ ಮೂಡಲ ಬಯಲಿನವರೆಗೆ ಹಬ್ಬಿದ ನಾಡಿನಲ್ಲಿ ಒಂದು ವರ್ಷದ ಫಸಲು ಏನನ್ನೂ ಹೇಳುವುದಿಲ್ಲವೆಂದು ಅವನಿಗೆ, ಅಥವಾ ಅವನ ಕರಣಿಕರಿಗೆ, ತಿಳಿದಿತ್ತು. ಆ ಗದ್ದೆಗಳು ರಾಜ್ಯಕ್ಕೆ ಅನ್ನ ಕೊಡಲು ಬೆಳೆದವಲ್ಲ, ರಾಜ್ಯದ ಉಳಿದ ಗದ್ದೆಗಳ ಬಗ್ಗೆ ಸಾಕ್ಷಿ ಹೇಳಲು ಬೆಳೆದವು. ಪ್ರಯೋಗಾಲಯದವರು ಇಂದು ಪ್ರಮಾಣ ಮಾದರಿ ಎಂದು ಕರೆಯುವುದು ಇದನ್ನೇ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದನ್ನು ಈಗಲೇ ಎದುರಿಸುವುದು ಒಳ್ಳೆಯದು. ತೆರಿಗೆ ವಸೂಲಿಗೆ ಹೊರಟ ರಾಜ್ಯವನ್ನೂ ಕಾರ್ಮಿಕರ ಶ್ವಾಸಕೋಶ ಕಾಯುವ ಪ್ರಯೋಗಾಲಯವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವೇ? ಗದ್ದೆ ನಾಯಕನದು, ಲೆಕ್ಕ ನಾಯಕನದು, ಲಾಭವೂ ನಾಯಕನದು. ಈ ಆಕ್ಷೇಪದಲ್ಲಿ ಸತ್ಯವಿದೆ. ಆದರೆ ಅದು ನನ್ನ ವಾದವನ್ನು ಕೆಡಿಸುವುದಕ್ಕಿಂತ ಗಟ್ಟಿಮಾಡುತ್ತದೆ. ಶಿವಪ್ಪ ನಾಯಕನ ನಂತರ ಬಂದವರು ಶಿಸ್ತಿನ ಮೇಲೆ ಹೊಸ ಹೊಸ ಪಟ್ಟಿಗಳನ್ನು, ಅಂದರೆ ಹೆಚ್ಚುವರಿ ತೆರಿಗೆಗಳನ್ನು, ಹೇರಿದರು. 1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು, 1830ರಲ್ಲಿ ಇದೇ ನಗರ ಸೀಮೆಯ ರೈತರು ತೆರಿಗೆಯ ಭಾರಕ್ಕೆ ದಂಗೆಯೆದ್ದರು, ಮರುವರ್ಷ ಮೈಸೂರಿನ ಆಡಳಿತವೇ ಬ್ರಿಟಿಷರ ಕೈಸೇರಿತು. ಅಷ್ಟಾದರೂ ಹತ್ತೊಂಬತ್ತನೆಯ ಶತಮಾನದ ಅಧಿಕಾರಿಗಳು ಈ ಸೀಮೆಯ ಕಂದಾಯದ ಬಗ್ಗೆ ಬರೆಯುವಾಗ ಹಿಂತಿರುಗಿ ನೋಡಿದ್ದು ಶಿಸ್ತಿನ ಕಡೆಗೆ. ಎಷ್ಟು ಹೆಚ್ಚುವರಿ ಹೇರಲಾಗಿದೆ ಎಂದು ಹೇಳಲು ಅವರಿಗೆ ಒಂದು ಮೂಲರೇಖೆ ಸಿಕ್ಕಿತ್ತು. ಮಾದರಿಯನ್ನು ಯಾರು, ಯಾವ ಉದ್ದೇಶಕ್ಕೆ ತಯಾರಿಸಿದರೂ ತಯಾರಿಯ ಕ್ರಮ ಬರವಣಿಗೆಯಲ್ಲಿ ಉಳಿದಿದ್ದರೆ ಅದು ಮುಂದೆ ತಯಾರಿಸಿದವನ ವಂಶದವರ ವಿರುದ್ಧವೂ ಸಾಕ್ಷಿ ಹೇಳುತ್ತದೆ. ಕಲ್ನಾರಿನ ಚರಿತ್ರೆಯಲ್ಲಿ ಬಹುಕಾಲ ಇಲ್ಲದೆ ಹೋದದ್ದು ಅಂಥ ಮೂಲರೇಖೆ.

1924ರಲ್ಲಿ ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ನೆಲ್ಲಿ ಕರ್ಶಾ ಎಂಬ ಕಲ್ನಾರು ಕಾರ್ಖಾನೆಯ ಕೆಲಸಗಾರ್ತಿ ತೀರಿಕೊಂಡಳು. ಅವಳ ಶ್ವಾಸಕೋಶದ ಬಗ್ಗೆ ಡಾಕ್ಟರ್ ಕುಕ್ ವೈದ್ಯಪತ್ರಿಕೆಯಲ್ಲಿ ಬರೆದರು. 1930ರ ಮೆರಿವೆದರ್–ಪ್ರೈಸ್ ವರದಿ, 1931ರ ಬ್ರಿಟಿಷ್ ನಿಯಮಗಳು ಅದರ ಹಿಂದೆಯೇ ಬಂದವು. ದೂಳು ಕಡಿಮೆಯಾಗಬೇಕೆಂದು ಆಗಲೇ ಗೊತ್ತಾಗಿತ್ತು, ಎಷ್ಟು ಕಡಿಮೆ ಎಂದು ಹೇಳಲು ದಾರಿ ಇರಲಿಲ್ಲ. ಮುಂದಿನ ಮೂರು ದಶಕ ಬಳಕೆಯಲ್ಲಿದ್ದ ಉಪಕರಣಗಳು ದೂಳಿನ ಕಣಗಳನ್ನು ಒಟ್ಟಾಗಿ ಎಣಿಸುತ್ತಿದ್ದವು; ಸಿಮೆಂಟಿನ ಕಣವೂ ಕಲ್ನಾರಿನ ಎಳೆಯೂ ಅವುಗಳ ಲೆಕ್ಕದಲ್ಲಿ ಒಂದೇ. 1960ರಲ್ಲಿ ದಕ್ಷಿಣ ಆಫ್ರಿಕದ ವಾಗ್ನರ್ ಮತ್ತು ಜೊತೆಗಾರರು ಕೇಪ್ ಪ್ರಾಂತ್ಯದ ನೀಲಿ ಕಲ್ನಾರಿನ ಗಣಿಸೀಮೆಯ ಜನರಲ್ಲಿ ಮೆಸೊಥೆಲಿಯೋಮ ಎಂಬ ಅಪರೂಪದ ಕ್ಯಾನ್ಸರನ್ನು ಗುರುತಿಸಿದ ಮೇಲೆ ಪ್ರಶ್ನೆ ತೀವ್ರವಾಯಿತು. ರೋಗ ಕಾಣಿಸಿಕೊಳ್ಳುವುದು ನಾರು ಒಳಹೊಕ್ಕ ಮೂವತ್ತು ನಲವತ್ತು ವರ್ಷದ ನಂತರ. ಹಾಗಾಗಿ 1960ರ ರೋಗಿಯನ್ನು 1925ರ ದೂಳಿನೊಂದಿಗೆ ಹೊಂದಿಸಿ ನೋಡಬೇಕು, ಆದರೆ 1925ರ ಎಣಿಕೆ ಬೇರೆ ಕೋಲಿನದು. ಕಣಗಳ ಲೆಕ್ಕವನ್ನು ನಾರಿನ ಲೆಕ್ಕಕ್ಕೆ ಬದಲಿಸಲು ನಂಬಬಹುದಾದ ಒಂದೇ ಗುಣಕ ಸಿಗಲಿಲ್ಲ. ಕಾರ್ಖಾನೆಯಿಂದ ಕಾರ್ಖಾನೆಗೆ, ಒಂದೇ ಕಾರ್ಖಾನೆಯ ವಿಭಾಗದಿಂದ ವಿಭಾಗಕ್ಕೆ ಅದು ಬದಲಾಗುತ್ತಿತ್ತು. ಒಂದು ತಲೆಮಾರಿನ ಸಾವುಗಳಿಂದ ಕಲಿಯಬೇಕಾಗಿದ್ದ ಪಾಠದ ಅರ್ಧ ಭಾಗ ಹೀಗೆ ಮಸುಕಾಯಿತು. 1968ರಲ್ಲಿ ಬ್ರಿಟನ್ನಿನ ತಜ್ಞರು ಒಂದು ಮಿಲಿಲೀಟರ್ ಗಾಳಿಗೆ 2 ನಾರು ಎಂಬ ಮಿತಿ ಹಾಕಿದ್ದು ರಾಚ್‌ಡೇಲಿನ ಕಾರ್ಖಾನೆಯೊಂದರ ದಾಖಲೆಗಳ ಮೇಲೆ. ಆ ಮಿತಿ ರಕ್ಷಣೆಗೆ ಸಾಲದೆಂದು ಮುಂದಿನ ವರ್ಷಗಳು ತೋರಿಸಿದವು.

ಅದೇ ದಶಕದಲ್ಲಿ ಇನ್ನೊಂದು ಕಡೆ ಸರಿಯಾದ ಕೆಲಸ ಶುರುವಾಗಿತ್ತು. 1964ರಲ್ಲಿ ನ್ಯೂಯಾರ್ಕಿನಲ್ಲಿ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ವಿರೋಧಿ ಒಕ್ಕೂಟದ ತಜ್ಞರು, ಲೋಕದ ಎಲ್ಲ ಸಂಶೋಧಕರೂ ಒಂದೇ ಕಲ್ನಾರಿನ ಮೇಲೆ ಪ್ರಯೋಗ ಮಾಡುವಂತಾಗಲಿ ಎಂದು ಪ್ರಮಾಣ ಮಾದರಿಗಳನ್ನು ಕೇಳಿದರು. ಟಿಂಬ್ರೆಲ್ ಮೊದಲಾದ ಸಂಶೋಧಕರು ದಕ್ಷಿಣ ಆಫ್ರಿಕ ಮತ್ತು ಬ್ರಿಟನ್ನಿನಲ್ಲಿ ಅವನ್ನು ಸಿದ್ಧಪಡಿಸಿದರು. ರೊಡೇಷಿಯದ ಬಿಳಿ ಕಲ್ನಾರು, ಕೆನಡದ ಬಿಳಿ ಕಲ್ನಾರು, ಕಂದು ಬಣ್ಣದ ಅಮೊಸೈಟ್, ನೀಲಿ ಕ್ರೊಸಿಡೊಲೈಟ್, ಫಿನ್ಲೆಂಡಿನ ಆಂಥೊಫಿಲೈಟ್, ಒಟ್ಟು ಐದು. ಇವುಗಳಲ್ಲಿ ಕೆನಡದ ಮಾದರಿ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಅದು ಒಂದು ಗಣಿಯ ಕಲ್ಲಲ್ಲ. ಹಲವು ಗಣಿಗಳ ನಾರನ್ನು ಬೆರೆಸಿ ಮಾಡಿದ್ದು. ದೇಶದ ಹೆಸರಿನಲ್ಲಿ ಸಾಕ್ಷಿ ಹೇಳಬೇಕಾದ ಮಾದರಿ ಒಂದೇ ಗಣಿಯ ಗುಣದೋಷಗಳನ್ನು ಹೊತ್ತು ಬರಬಾರದೆಂಬ ಎಚ್ಚರ ಅದು. ಐದು ವರ್ಗಕ್ಕೂ ಬೇರೆ ಬೇರೆ ಹೊಲ ಬೇಕೆಂದ ಬಿದನೂರಿನ ಕರಣಿಕರು ಈ ತರ್ಕವನ್ನು ಕೂಡಲೇ ಒಪ್ಪುತ್ತಿದ್ದರು.

ಆದರೆ ಬಾಟಲಿಯೊಳಗಿನ ನಾರು ಬೇರೆ, ಗಾಳಿಯೊಳಗಿನ ನಾರು ಬೇರೆ. ಗಾಳಿಯದನ್ನು ಎಣಿಸುವ ಕ್ರಮ ಹೀಗೆ. ಕೆಲಸಗಾರನ ಉಸಿರಿನ ಎತ್ತರದಲ್ಲಿ ಸಣ್ಣ ಪಂಪು 25 ಮಿಲಿಮೀಟರ್ ಅಗಲದ ತೆಳು ಪೊರೆಯ ಮೂಲಕ ಗಾಳಿ ಎಳೆಯುತ್ತದೆ. ಆ ಪೊರೆಯ ತುಂಡನ್ನು ಗಾಜಿನ ಮೇಲಿಟ್ಟು ಅಸಿಟೋನಿನ ಆವಿ ಹಾಯಿಸಿದರೆ ಅದು ಪಾರದರ್ಶಕವಾಗುತ್ತದೆ. ಟ್ರೈಅಸಿಟಿನ್ ಹನಿ ಹಾಕಿ ಮುಚ್ಚಿ, ಫೇಸ್ ಕಾಂಟ್ರಾಸ್ಟ್ ಸೂಕ್ಷ್ಮದರ್ಶಕದ ಕೆಳಗಿಟ್ಟು ಎಣಿಸುತ್ತಾರೆ. 5 ಮೈಕ್ರಾನಿಗಿಂತ ಉದ್ದ, 3 ಮೈಕ್ರಾನಿಗಿಂತ ಕಡಿಮೆ ಅಗಲ, ಉದ್ದ ಅಗಲದ ಮೂರು ಪಟ್ಟಾದರೂ ಇರಬೇಕು. ಇಂಥದ್ದಕ್ಕೆ ಮಾತ್ರ ನಾರು ಎಂಬ ಲೆಕ್ಕ. 1970ರ ದಶಕದ ಕೊನೆಗೆ ವಾಲ್ಟನ್ ಮತ್ತು ಬೆಕೆಟ್ ಕಣ್ಣುಗಾಜಿನಲ್ಲಿ 100 ಮೈಕ್ರಾನ್ ವ್ಯಾಸದ ವೃತ್ತವೊಂದನ್ನು ಕೆತ್ತಿ, ಅದರಾಚೆಯದನ್ನು ಎಣಿಸಬೇಡಿ ಎಂಬ ಗಡಿ ಹಾಕಿಕೊಟ್ಟರು. ಎಂಟು ಗಂಟೆಯ ಪಾಳಿಯಲ್ಲಿ ನಿಮಿಷಕ್ಕೊಂದು ಲೀಟರಿನಂತೆ 480 ಲೀಟರ್ ಗಾಳಿ ಎಳೆದಿದೆ ಎನ್ನೋಣ. ಗಾಳಿಯಲ್ಲಿ ಮಿಲಿಲೀಟರಿಗೆ 0.1 ನಾರು ಇದ್ದರೆ ಪೊರೆಯ ಮೇಲೆ 48,000 ನಾರು ಕೂತಿರುತ್ತದೆ. ಪೊರೆಯ ಉಪಯುಕ್ತ ವಿಸ್ತೀರ್ಣ 385 ಚದರ ಮಿಲಿಮೀಟರ್, ವೃತ್ತದ್ದು 0.00785. ಅಂದರೆ ವೃತ್ತಕ್ಕೆ ಸುಮಾರು ಒಂದು ನಾರು. ನೂರು ವೃತ್ತ ನೋಡಿದವನು ಪೊರೆಯ ಐನೂರರಲ್ಲಿ ಒಂದು ಭಾಗವನ್ನಷ್ಟೇ ನೋಡಿ ಇಡೀ ಪಾಳಿಯ ಗಾಳಿಯ ಮೇಲೆ ತೀರ್ಪು ಕೊಡುತ್ತಾನೆ. ನೂರು ನಾರು ಎಣಿಸಿದರೂ ಬರೀ ಆಕಸ್ಮಿಕದಿಂದಲೇ ಹತ್ತು ಹೆಚ್ಚು ಕಡಿಮೆ ಬರಬಹುದು. ಅದರ ಮೇಲೆ ದಣಿದ ಕಣ್ಣು, ಒಂದರ ಮೇಲೊಂದು ಬಿದ್ದ ಎಳೆಗಳು, ತುದಿ ಸೀಳಿದ ಕಟ್ಟುಗಳು, ಇದು ನಾರೋ ಗೀರೋ ಎಂಬ ಸಂದೇಹ. ಒಂದೇ ಸ್ಲೈಡಿಗೆ ಎರಡು ಪ್ರಯೋಗಾಲಯಗಳು ಒಂದಕ್ಕೊಂದು ಎರಡು ಪಟ್ಟು ಅಂತರದ ಸಂಖ್ಯೆ ಕೊಟ್ಟರೆ ಅದರಲ್ಲಿ ಅಚ್ಚರಿಯಿಲ್ಲ.

ಅಮೆರಿಕದಲ್ಲಿ ಕಾನೂನಿನ ಮಿತಿ 1971ರಲ್ಲಿ ಮಿಲಿಲೀಟರಿಗೆ 12 ನಾರು ಇದ್ದದ್ದು 1972ರಲ್ಲಿ 5, 1976ರಲ್ಲಿ 2, 1986ರಲ್ಲಿ 0.2, 1994ರಲ್ಲಿ 0.1ಕ್ಕೆ ಇಳಿಯಿತು. ಮಿತಿ ಇಳಿದಂತೆಲ್ಲ ಎಣಿಕೆಯ ತಪ್ಪಿಗೆ ತೂಕ ಹೆಚ್ಚಿತು. ಅದಕ್ಕೆ ಉತ್ತರವಾಗಿ ಬೆಳೆದದ್ದೇ ಗಾಳಿಯ ಕಲ್ನಾರಿನ ಪರೀಕ್ಷಾ ಮಾದರಿ ತಯಾರಿಸುವ ಕಸುಬು. ಕಾರ್ಖಾನೆಗೆ ಹೋಗಿ ನಾಲ್ಕು ಪೊರೆ ಹಿಡಿದು ತಂದರೆ ನಾಲ್ಕರಲ್ಲೂ ನಾರು ಬೇರೆ ಬೇರೆ ಇರುತ್ತದೆ. ಎರಡು ಪ್ರಯೋಗಾಲಯಗಳ ಉತ್ತರ ಬೇರೆಯಾದರೆ ತಪ್ಪು ಎಣಿಸಿದವರದೋ ಪೊರೆಯದೋ ತಿಳಿಯುವುದಿಲ್ಲ. ಹಾಗಾಗಿ ಗಾಳಿಯನ್ನೇ ತಯಾರಿಸಬೇಕು. ಗುರುತಿರುವ ಕಲ್ನಾರನ್ನು ಬಿಡಿಸಿ ಎಳೆಎಳೆ ಮಾಡಿ, ಮುಚ್ಚಿದ ಕೋಣೆಯಂಥ ಪಾತ್ರೆಯಲ್ಲಿ ತೂರಿ, ಗಾಳಿ ಸಮನಾಗಿ ಬೆರೆಯುವಂತೆ ತಿರುಗಿಸಿ, ಸುತ್ತಲೂ ಜೋಡಿಸಿದ ಹತ್ತಾರು ಪೊರೆಗಳಿಗೆ ಒಂದೇ ಹೊತ್ತಿಗೆ ಒಂದೇ ವೇಗದಲ್ಲಿ ಎಳೆಯಬೇಕು. ಮೊದಲ ಶತ್ರು ಕಟ್ಟು. ಬಿಳಿ ಕಲ್ನಾರು ಪೂರ್ತಿ ಬಿಡದೆ ಗಂಟಾಗಿ ಕೂತರೆ ಒಂದೆಡೆ ರಾಶಿ, ಇನ್ನೊಂದೆಡೆ ಬಯಲು. ಎರಡನೆಯದು ಸ್ಥಾಯಿ ವಿದ್ಯುತ್ತು. ಒಣ ಗಾಳಿಯಲ್ಲಿ ತೂರಿದ ನಾರು ಆವೇಶ ಹೊತ್ತುಕೊಳ್ಳುತ್ತದೆ, ಪೊರೆ ಹಿಡಿದಿರುವ ಪ್ಲಾಸ್ಟಿಕ್ ಡಬ್ಬಿಯ ಗೋಡೆಗೆ ಹೋಗಿ ಅಂಟುತ್ತದೆ, ಪೊರೆಯ ಮೇಲೆ ಅಸಮವಾಗಿ ಕೂರುತ್ತದೆ. 1990ರಲ್ಲಿ ಬ್ಯಾರನ್ ಮತ್ತು ಡೇ ಎಂಬ ಸಂಶೋಧಕರು ಇದನ್ನು ವಿವರವಾಗಿ ಅಧ್ಯಯನ ಮಾಡಿ ಪ್ರಕಟಿಸಿದರು. ಪೊರೆಯ ಮುಂದೆ ವಿದ್ಯುತ್ ಹರಿಯಬಲ್ಲ ಕೊಳವೆ ಇಡುವ ಪದ್ಧತಿಯ ಹಿಂದೆ ಇಂಥ ಅನುಭವವಿದೆ. ಮೂರನೆಯದು ಸಾಂದ್ರತೆ. ಚದರ ಮಿಲಿಮೀಟರಿಗೆ 100 ನಾರಿಗಿಂತ ಕಡಿಮೆಯಾದರೆ ಆಕಸ್ಮಿಕವೇ ಎಣಿಕೆಯನ್ನು ನುಂಗುತ್ತದೆ, 1,300 ದಾಟಿದರೆ ಎಳೆಗಳು ಒಂದರ ಮೇಲೊಂದು ಬಿದ್ದು ಲೆಕ್ಕ ತಪ್ಪುತ್ತದೆ. ಇಷ್ಟೆಲ್ಲ ಆದ ಮೇಲೂ ಹೀಗೆ ಒಟ್ಟಿಗೆ ತಯಾರಾದ ತಂಡದ ಕೆಲವು ಪೊರೆಗಳನ್ನು ತೆಗೆದು ಎಣಿಸಿ, ಅವುಗಳ ನಡುವೆ ಅಂತರ ಹೆಚ್ಚಿದ್ದರೆ ತಂಡವನ್ನೇ ಬಿಸಾಡಬೇಕು. ಯಾರಿಗೂ ಕಳಿಸದ ಮಾದರಿಗೆ ಇಷ್ಟು ಶ್ರಮ ಹೋಗುವುದೇ ಆ ಕಸುಬಿನ ಮರ್ಯಾದೆ.

ಅಮೆರಿಕದಲ್ಲಿ ಪ್ರಯೋಗಾಲಯಗಳ ಪ್ರಾವೀಣ್ಯ ಪರೀಕ್ಷೆ 1970ರ ದಶಕದ ಆರಂಭದಲ್ಲಿ ಹಿಡಿದದ್ದು ಈ ದಾರಿ: ಒಂದೇ ತಂಡದ ಪೊರೆಗಳನ್ನು ಎಲ್ಲರಿಗೂ ಹಂಚುವುದು. ಬ್ರಿಟನ್ನಿನಲ್ಲಿ 1980ರ ದಶಕದಿಂದ ನಡೆದ ರೈಸ್ ಮತ್ತು ಆಫ್ರಿಕ ಎಂಬ ಹೆಸರಿನ ಯೋಜನೆಗಳು (ಹೆಸರು ಸಂಕ್ಷೇಪಾಕ್ಷರಗಳದ್ದು, ಖಂಡಕ್ಕೂ ಅದಕ್ಕೂ ಸಂಬಂಧವಿಲ್ಲ) ಬೇರೆ ದಾರಿ ಹಿಡಿದವು: ಸಿದ್ಧಪಡಿಸಿದ ಸ್ಲೈಡನ್ನೇ ಒಂದು ಪ್ರಯೋಗಾಲಯದಿಂದ ಇನ್ನೊಂದಕ್ಕೆ ಸುತ್ತಿಸುವುದು. ಹಂಚುವ ಕ್ರಮದಲ್ಲಿ ಪೊರೆಯನ್ನು ಪಾರದರ್ಶಕ ಮಾಡುವುದರಿಂದ ಎಣಿಸುವವರೆಗೆ ಪ್ರತಿ ಹೆಜ್ಜೆಯ ಪರೀಕ್ಷೆಯಾಗುತ್ತದೆ, ಆದರೆ ಪೊರೆಗಳು ನಿಜಕ್ಕೂ ಸಮಾನವೇ ಎಂಬ ಸಂಶಯ ಉಳಿಯುತ್ತದೆ. ಸುತ್ತಿಸುವ ಕ್ರಮದಲ್ಲಿ ಎಲ್ಲರೂ ನೋಡುವುದು ಒಂದೇ ಗಾಜು, ಆದರೆ ಪರೀಕ್ಷೆಯಾಗುವುದು ಕಣ್ಣು ಮಾತ್ರ. ಆ ಗಾಜು ವರ್ಷಗಟ್ಟಲೆ ಕೆಡದಂತೆ ಉಳಿಯಬೇಕು, ಅದಕ್ಕೆ ಬೇರೆ ಅಂಟು ಬೇಕು. ಇದರ ಜೊತೆಗೆ ಸೂಕ್ಷ್ಮದರ್ಶಕದ್ದೇ ಪರೀಕ್ಷೆಗೆ ಏಳು ಪಟ್ಟಿ ಗೀರುಗಳ ಗಾಜೊಂದು ಬಂತು, ಒಂದಕ್ಕಿಂತ ಒಂದು ಸಣ್ಣ ಗೀರು. ಸಾಕಷ್ಟು ಕಾಣದಿದ್ದರೆ ಸೂಕ್ಷ್ಮದರ್ಶಕ ಅನರ್ಹ. ಅತಿ ಸಣ್ಣ ಗೀರುಗಳೂ ಕಂಡರೆ ಅದೂ ಅನರ್ಹ, ಏಕೆಂದರೆ ಉಳಿದವರಿಗೆ ಕಾಣದ ನಾರನ್ನು ಅದು ಎಣಿಸಿಬಿಡುತ್ತದೆ.

ಈ ಕೊನೆಯ ನಿಯಮ ವಿಜ್ಞಾನ ಬಲ್ಲವರನ್ನು ಕೆರಳಿಸುತ್ತದೆ, ಮತ್ತು ಅತ್ಯಂತ ಗಂಭೀರವಾದ ಆಕ್ಷೇಪ ಅಲ್ಲಿಂದಲೇ ಹುಟ್ಟುತ್ತದೆ. ಹೆಚ್ಚು ಕಂಡರೆ ತಪ್ಪು ಎನ್ನುವುದು ಎಂಥ ಶಾಸ್ತ್ರ? ಪರೀಕ್ಷಾ ಮಾದರಿಗೆ ‘ಸರಿ ಉತ್ತರ’ ಎಂದು ಇಡುವುದು ಹಲವು ಪ್ರಯೋಗಾಲಯಗಳ ಉತ್ತರದ ಮಧ್ಯಬಿಂದು. ಎಲ್ಲರೂ ಕೂಡಿ ತಪ್ಪಿದರೆ ಆ ತಪ್ಪೇ ಪ್ರಮಾಣವಾಗುವುದಿಲ್ಲವೇ? ಆಗುತ್ತದೆ. ಬೆಳಕಿನ ಸೂಕ್ಷ್ಮದರ್ಶಕಕ್ಕೆ ಸುಮಾರು 0.25 ಮೈಕ್ರಾನಿಗಿಂತ ತೆಳುವಾದ ನಾರು ಕಾಣುವುದಿಲ್ಲ, ಬಿಳಿ ಕಲ್ನಾರಿನ ಒಂಟಿ ಎಳೆ ಅದಕ್ಕಿಂತ ಎಷ್ಟೋ ಪಟ್ಟು ತೆಳು. ಕಾಣದ್ದನ್ನು ಬಿಟ್ಟು ಎಣಿಸುತ್ತಿದ್ದೇವೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೂ ನಿಯಮ ಸರಿಯೆಂದೇ ನನ್ನ ತೀರ್ಮಾನ. ಮಿತಿಗಳನ್ನು ಕಟ್ಟಿರುವುದು, ರೋಗಕ್ಕೂ ದೂಳಿಗೂ ಸಂಬಂಧ ಲೆಕ್ಕಹಾಕಿರುವುದು ಈ ಕಣ್ಣಿಗೆ ಕಂಡ ನಾರುಗಳ ಆಧಾರದ ಮೇಲೆ. ಒಂದು ಪ್ರಯೋಗಾಲಯ ಮಾತ್ರ ಹೆಚ್ಚು ಕಂಡರೆ ಅದರ ಸಂಖ್ಯೆಯನ್ನು ಹೋಲಿಸಲು ಯಾವ ಮಿತಿಯೂ ಇರುವುದಿಲ್ಲ. ಇಕ್ಕೇರಿಯ ಮೆಟ್ಟಿಲು 18 ಅಡಿ 6 ಅಂಗುಲವೇ ಏಕಾಗಬೇಕು ಎಂಬುದಕ್ಕೆ ಪ್ರಕೃತಿಯಲ್ಲಿ ಕಾರಣವಿಲ್ಲ. ಆದರೆ ಒಬ್ಬನ ತೋಟಕ್ಕೆ ಆ ಉದ್ದ, ಇನ್ನೊಬ್ಬನ ತೋಟಕ್ಕೆ ಅದಕ್ಕಿಂತ ಗಿಡ್ಡ ಕೋಲು ಬಂದರೆ ಅನ್ಯಾಯ ನಿಜ. ಒಪ್ಪಿತ ಮಾದರಿ ಪೂರ್ಣ ಸತ್ಯವಲ್ಲ. ಅದು ತಪ್ಪನ್ನು ಒಂದೇ ಕಡೆ, ಗೊತ್ತಿರುವ ಜಾಗದಲ್ಲಿ ಕಟ್ಟಿಹಾಕುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದಾಗ ಹಳೆಯ ಎಣಿಕೆಯನ್ನು ತಿದ್ದಲು ಸಾಧ್ಯವಾಗುವುದು ಹಳೆಯದು ಎಲ್ಲೆಡೆ ಒಂದೇ ಬಗೆಯಾಗಿದ್ದರೆ ಮಾತ್ರ.

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. ದೇಶದ ಕಲ್ನಾರು ನಿಕ್ಷೇಪದಲ್ಲಿ ರಾಜಸ್ಥಾನದ ನಂತರದ ದೊಡ್ಡ ಪಾಲು ನಮ್ಮ ರಾಜ್ಯದ್ದು. ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತ ಗಣಿಗಾರಿಕೆ ನಡೆದಿತ್ತು. 1986ರಲ್ಲಿ ಕೇಂದ್ರ ಸರ್ಕಾರ ಹೊಸ ಗಣಿ ಗುತ್ತಿಗೆ ನಿಲ್ಲಿಸಿತು, 1993ರಲ್ಲಿ ಇದ್ದವುಗಳ ನವೀಕರಣವನ್ನೂ ನಿಲ್ಲಿಸಿತು. ಗಣಿ ನಿಂತರೂ ಬಳಕೆ ನಿಲ್ಲಲಿಲ್ಲ, ಹೊರದೇಶದ ಬಿಳಿ ಕಲ್ನಾರು ಸಿಮೆಂಟು ಶೀಟಾಗಿ ಊರೂರಿಗೆ ಬಂತು. ಹುಂಚದ ಬಸದಿಗಳಿಗೆ ಕಲ್ಲಿನ ಮಾಡು. ಆದರೆ ಮಲೆನಾಡಿನ ಸಾಮಾನ್ಯರ ಕೊಟ್ಟಿಗೆ, ಅಡಿಕೆ ಒಣಗಿಸುವ ಮನೆ, ಶಾಲೆಯ ಜಗಲಿ ಹುಲ್ಲಿನಿಂದ ಮಂಗಳೂರು ಹೆಂಚಿಗೆ, ಹೆಂಚಿನಿಂದ ಕಲ್ನಾರು ಶೀಟಿಗೆ ಸಾಗಿದವು. ಅಳತೆಯ ಕಾನೂನೂ ಇದೆ. ಕಾರ್ಖಾನೆ ಕಾಯ್ದೆಯ ಎರಡನೆಯ ಅನುಸೂಚಿ ಕಲ್ನಾರಿಗೆ ಮಿತಿ ಹೇಳುವಾಗ ಪೊರೆಯ ವಿಧಾನವನ್ನೂ ಸೂಕ್ಷ್ಮದರ್ಶಕದ ವರ್ಧನೆಯನ್ನೂ ಹೆಸರಿಸಿತು, ಶಾಸನಗಳು ಗಳೆಯನ್ನು ಹೆಸರಿಸಿದ ಹಾಗೆಯೇ. 1986ರ ಭಾರತೀಯ ಮಾನಕ 11450 ಎಣಿಕೆಯ ವಿಧಾನವನ್ನು ವಿವರಿಸುತ್ತದೆ. ಆದರೆ ವಿಧಾನ ಬರೆದಿಟ್ಟರೆ ಅದು ಕೋಲು ಮಾತ್ರ. ಎಣಿಸುವವರು ವರ್ಷವರ್ಷವೂ ಹೊರಗಿನಿಂದ ಬಂದ ಮಾದರಿಯ ಮೇಲೆ ತಮ್ಮ ಕಣ್ಣನ್ನು ಪರೀಕ್ಷಿಸಿಕೊಂಡರೋ, ಫಲಿತಾಂಶ ಎಲ್ಲರಿಗೂ ತಿಳಿಯಿತೋ ಎಂಬುದರ ಮೇಲೆ ಮಿತಿಯ ಬೆಲೆ ನಿಂತಿದೆ. ಕಾರ್ಖಾನೆಯ ಮಾಲೀಕ ಕೊಡುವ ವರದಿಯಲ್ಲಿ ಸಂಖ್ಯೆಯ ಪಕ್ಕದಲ್ಲೇ ಆ ಪ್ರಯೋಗಾಲಯದ ಇತ್ತೀಚಿನ ಪರೀಕ್ಷೆಯ ಅಂಕವನ್ನೂ ಬರೆಯುವುದು ಕಡ್ಡಾಯವಾಗಬೇಕು. ಇಷ್ಟನ್ನು ಕೇಳಲು ಕಾರ್ಮಿಕ ಸಂಘಟನೆಗಳಿಗೆ ಪೂರ್ಣ ಹಕ್ಕಿದೆ.

ಇಷ್ಟೆಲ್ಲ ಎಣಿಕೆಯ ಉಪಚಾರ ಯಾಕೆ, ಕಲ್ನಾರನ್ನೇ ನಿಷೇಧಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕವೆಂದು ಹೇಳಿ ಬಳಕೆ ನಿಲ್ಲಿಸುವುದೇ ಉತ್ತಮ ದಾರಿ ಎಂದಿದೆ. ಹಲವು ದೇಶಗಳು ನಿಲ್ಲಿಸಿವೆ. ನಿಷೇಧದ ಪರವಾಗಿ ನಾನೂ ಇದ್ದೇನೆ. ಆದರೆ ನಾಳೆ ನಿಷೇಧವಾದರೂ ಕೊಟ್ಟಿಗೆಯ ಮೇಲಿನ ಶೀಟು ಅಲ್ಲೇ ಇರುತ್ತದೆ. ಮಲೆನಾಡಿನ ಮಳೆ ಅದರ ಸಿಮೆಂಟನ್ನು ವರ್ಷಕ್ಕಿಷ್ಟು ಸವೆಸಿ ಎಳೆಗಳನ್ನು ಹೊರಗೆ ಮಾಡುತ್ತದೆ, ಪಾಚಿ ಉಜ್ಜಿದಾಗ, ಒಡೆದು ತೆಗೆದಾಗ ಅವು ಗಾಳಿಗೆ ಬರುತ್ತವೆ. ಒಡೆಯದೆ ಸುಮ್ಮನಿರುವ ಶೀಟಿನಿಂದ ಅಪಾಯ ಕಡಿಮೆ, ಕತ್ತರಿಸುವ ಗರಗಸದ ಪಕ್ಕ ಅಪಾಯ ಬಹಳ. ಈ ಎರಡರ ನಡುವೆ ಮನೆಯವನಿಗೆ ಸರಿಯಾದ ಮಾತು ಹೇಳಲು ಕಡಿಮೆ ಸಾಂದ್ರತೆಯಲ್ಲೂ ನಂಬಬಹುದಾದ ಎಣಿಕೆ ಬೇಕು. ನಿಷೇಧಿಸಿದ ದೇಶಗಳಲ್ಲಿ ಎಣಿಸುವವರ ಕೆಲಸ ಮುಗಿಯಲಿಲ್ಲ. ಕಲ್ನಾರು ತೆಗೆದ ಕಟ್ಟಡಕ್ಕೆ ಜನ ಮರಳಬಹುದೇ ಎಂದು ಹೇಳುವ ಹೊಣೆ ಅವರ ಮೇಲೆ ಬಿತ್ತು.

1995ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ, ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಹೂಡಿದ ಮೊಕದ್ದಮೆಯಲ್ಲಿ, ಕಲ್ನಾರು ಉದ್ದಿಮೆಗಳು ಪ್ರತಿ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ನಿವೃತ್ತಿಯ ನಂತರ 15 ವರ್ಷ ಕಾಯ್ದಿಡಬೇಕೆಂದು ಆದೇಶಿಸಿತು. ರೋಗದ ಗತಿ ತಿಳಿದು ಬರೆದ ಆದೇಶ ಅದು. ಆದರೆ ನಲವತ್ತು ವರ್ಷದ ನಂತರ ಕೆಲಸಗಾರನ ಎದೆಯ ಚಿತ್ರ ಕೈಯಲ್ಲಿದ್ದು, ಅವನು ಉಸಿರಾಡಿದ ಗಾಳಿಯ ಬಗ್ಗೆ ಬರೀ ಒಂದು ಸಂಖ್ಯೆ ಉಳಿದಿದ್ದರೆ ರಾಚ್‌ಡೇಲಿನ ತೊಡಕೇ ಮರಳುತ್ತದೆ: ಆ ಸಂಖ್ಯೆ ಯಾವ ಕೋಲಿನದು? ಇದಕ್ಕೆ ಪರಿಹಾರ ದುಬಾರಿಯಲ್ಲ. ಎಣಿಕೆಗೆ ಬಳಸುವುದು ಪೊರೆಯ ಒಂದು ತುಂಡನ್ನು ಮಾತ್ರ. ಉಳಿದ ಭಾಗ ಡಬ್ಬಿಯಲ್ಲೇ ಇರುತ್ತದೆ. ಒಣ ಜಾಗದಲ್ಲಿ ಗಟ್ಟಿಯಾಗಿ ಮುಚ್ಚಿಟ್ಟರೆ ಕಲ್ನಾರು ಕೊಳೆಯುವುದಿಲ್ಲ. ಆ ಉಳಿದ ತುಂಡನ್ನು ದಿನಾಂಕ, ಪಾಳಿ, ಎಳೆದ ಗಾಳಿಯ ಲೀಟರು, ಎಣಿಸಿದವರ ಗುರುತಿನ ಸಂಖ್ಯೆ, ಆ ತಿಂಗಳು ಅವರು ಎಣಿಸಿದ ಪರೀಕ್ಷಾ ಮಾದರಿಯ ಫಲಿತಾಂಶ ಇವುಗಳೊಂದಿಗೆ ಕೆಲಸಗಾರನ ಆರೋಗ್ಯದ ಕಡತದ ಜೊತೆಯಲ್ಲೇ ಅಷ್ಟೇ ವರ್ಷ ಇಡಬಹುದು, ಕಾರ್ಖಾನೆಯ ಕಪಾಟಿನಲ್ಲಲ್ಲ, ಮಾಲೀಕನಿಗೂ ಸಂಘಕ್ಕೂ ಸಮಾನವಾಗಿ ಬಾಗಿಲು ತೆರೆದಿರುವ ಸರ್ಕಾರಿ ಭಂಡಾರದಲ್ಲಿ. 2065ರ ವೈದ್ಯರಿಗೆ ಇಂದಿನ ಸಂಖ್ಯೆಯ ಮೇಲೆ ಸಂಶಯ ಬಂದರೆ ಅವರು ಡಬ್ಬಿ ತೆರೆದು ತಮ್ಮ ಕಾಲದ ಸೂಕ್ಷ್ಮದರ್ಶಕದಲ್ಲಿ ಮತ್ತೆ ಎಣಿಸಲಿ.